ಅಭ್ಯಂತರವಿಲ್ಲ

ನಮ್ಮ ಊರಿನಲ್ಲಿ ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟ ಮಾತ್ರಕ್ಕೆ ಗೋಡೆ ಆಗುವುದಿಲ್ಲ. ಆ ಜಾಗದಲ್ಲಿ ದಿನವೂ ಓಡಾಡುವವರೆಲ್ಲ ಬಾಯಿಬಿಟ್ಟು ‘ಹೂಂ’ ಅಂದಿರಬೇಕು. ಒಬ್ಬರು ಅನ್ನದೆ ಉಳಿದರೂ ಬೆಳಗಾಗುವಷ್ಟರಲ್ಲಿ ಇಟ್ಟಿಗೆ ಗೂಡಿಗೆ ವಾಪಸ್ ಹೋಗಿರುತ್ತದೆ, ಮರಳು ಹೊಳೆಗೆ, ಕಬ್ಬಿಣ ಅಂಗಡಿಗೆ. ಇದಕ್ಕೆ ನಾವು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹೆಂಡತಿಯನ್ನು ಕೇಳದೆ ಮಹಡಿ ಎತ್ತಿದ ಗಂಡಸರು ಬೆಳಿಗ್ಗೆ ಬಯಲಿನಲ್ಲಿ ಕೂತು ಹಾಸಿಗೆ ಸುತ್ತುತ್ತಿರುತ್ತಾರೆ. ಹಾಲು ತರಲು ಹೋಗುವ ನಾವು ನೋಡಿಯೂ ನೋಡದವರಂತೆ ಮುಂದೆ ಹೋಗುತ್ತೇವೆ. ತಲೆ ಆಡಿಸಿದರೆ ಸಾಲದು, ಸುಮ್ಮನಿದ್ದರೆ ಸಾಲದು, ಹೂಂ ಅನ್ನಲೇಬೇಕು. ಬಾಯಲ್ಲಿ ಹೂಂ ಅಂದು ಮನಸ್ಸಿನಲ್ಲಿ ಊಹೂಂ ಅಂದರೆ ನಿಲ್ಲುತ್ತದೆಯೋ ಇಲ್ಲವೋ ಎನ್ನುವುದು ಮಾತ್ರ ಇತ್ಯರ್ಥವಾಗಿಲ್ಲ. ಊರಿನ ಜಗಳಗಳಲ್ಲಿ ಅರ್ಧ ಹುಟ್ಟುವುದು ಅಲ್ಲಿಂದಲೇ.

ಪುರಸಭೆಯಲ್ಲಿ ನನ್ನ ಕೆಲಸ ಈ ಹೂಂ ಕೇಳಿಕೊಂಡು ಬರುವುದು. ನೇಮಕಾತಿ ಆದೇಶದಲ್ಲಿ ‘ಸಮ್ಮತಿ ಸಹಾಯಕಿ’ ಎಂದಿದೆ, ಜನ ಕರೆಯುವುದು ಹೂಂ ಮೇಡಂ ಎಂದು. ವಾರಿಜಾ ಎಂಬ ಹೆಸರು ಮನೆಯಲ್ಲಿ ಅಪ್ಪನ ಬಾಯಲ್ಲಷ್ಟೇ ಉಳಿದಿದೆ. ಕನ್ನಡ ಎಂ.ಎ. ಓದಿದ್ದಕ್ಕೆ ಈ ಕೆಲಸ ಸಿಕ್ಕಿತೋ, ಯಾರ ಎದುರಿಗೂ ಗಟ್ಟಿಯಾಗಿ ಮಾತಾಡದ ಸ್ವಭಾವಕ್ಕೆ ಸಿಕ್ಕಿತೋ ಗೊತ್ತಿಲ್ಲ. ನಾನು ಜನರ ತುಟಿಗಳನ್ನೇ ನೋಡುತ್ತಿರುತ್ತೇನೆ. ಗಂಟಲಿನಲ್ಲೇ ಉಳಿದುಬಿಡುವ ಹೂಂ ಇದೆ, ಆಕಳಿಕೆಯ ಜೊತೆ ಬಂದದ್ದು ಇದೆ, ಇವಳು ಹೋದರೆ ಸಾಕು ಅಂತ ಅಂದದ್ದೂ ಇದೆ. ಅನುಮಾನ ಬಂದಾಗ ಇನ್ನೊಮ್ಮೆ ಕೇಳಬೇಕು. ಕೇಳಿದರೆ ಅವರ ಮುಖ ಗಂಟಾಗುತ್ತದೆ. ಆ ಗಂಟುಮುಖದ ಯೋಚನೆಯಲ್ಲೇ ನನಗೆ ಎಷ್ಟೋ ಸಲ ಊಟ ಸೇರುವುದಿಲ್ಲ.

ನಮ್ಮ ಊರನ್ನು ಸ್ಮಾರ್ಟ್ ಸಿಟಿ ಮಾಡುವುದೆಂದು ಆದಾಗ ಒಂದು ಕಂಪನಿಯವರು ಬಂದರು. ಅವರ ಇಂಜಿನಿಯರ್ ಪೊನ್ನಪ್ಪ ಎತ್ತರದ, ನಗುಮುಖದ ಮನುಷ್ಯ. ಊರಿನ ರೀತಿ ಅವರಿಗೆ ಮೊದಲೇ ತಿಳಿಸಿದ್ದರಂತೆ. ಬಂದ ದಿನವೇ, “ಎಲ್ಲಾ ಸ್ಟೇಕ್‌ಹೋಲ್ಡರ್‌ಗಳನ್ನೂ ಕೂರಿಸಿಯೇ ಡಿಸೈನ್ ಮಾಡೋದು,” ಎಂದರು. ಪಾತ್ರೆ ಅಂಗಡಿ ತಿಮ್ಮೇಗೌಡರು ಅದನ್ನು ಟೇಕ್ ಹೋಲ್ಡರ್ ಎಂದು ಕೇಳಿಸಿಕೊಂಡು, ಏನು ಹಂಚುತ್ತಾರೋ ನೋಡೋಣವೆಂದು ಪ್ರತಿ ಸಭೆಗೂ ಮುಂಚಿತವಾಗಿ ಬರುತ್ತಿದ್ದರು. ಅಂಗಡಿಯವರು, ಆಟೋದವರು, ಮನೆಗಳವರು, ದೇವಸ್ಥಾನದವರು, ಮಸೀದಿಯವರು ಎಲ್ಲರೂ ಬಂದರು. ಸರ್ಕಲ್‌ಗೆ ಹೊಂದಿಕೊಂಡ ಸಂತೆಮಾಳದಲ್ಲಿ ಕೂತು ಮಾರುವ ಹೆಂಗಸರನ್ನು ಕರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ, ನನಗೂ. ಅವರು ತಾವಾಗಿಯೇ ಬಂದು ಬಾಗಿಲಿನ ಬಳಿ ಬುಟ್ಟಿ ಇಳಿಸಿ ಕೂತರು.

ಪೊನ್ನಪ್ಪ ಪರದೆಯ ಮೇಲೆ ಒಂದು ಕಂಬ ತೋರಿಸಿದರು. ಸರ್ಕಲ್‌ನಲ್ಲಿ ನಿಲ್ಲುವ ಕಂಬ. ಅದು ಗಾಳಿ ಎಷ್ಟು ಶುದ್ಧ ಎಂದು ಹೇಳುತ್ತದೆ, ಬಸ್ಸು ಎಲ್ಲಿದೆ ಎಂದು ಹೇಳುತ್ತದೆ, ಮಳೆ ಬರುತ್ತದೆಯೇ ಎಂದು ಹೇಳುತ್ತದೆ.

ಬೇಯಿಸಿದ ಕಡಲೆಕಾಯಿ ಮಾರುವ ದೇವೀರಮ್ಮ ಬಾಗಿಲಿನಿಂದಲೇ ಕೂಗಿದಳು. “ಅಪ್ಪಾ, ನಂದೊಂದು ಮಾತು. ಕತ್ತಲಲ್ಲೇ ಎದ್ದು ಬಂದೋಳು ಎಲ್ಲಿಗೋಗ್ಬೇಕು ಅಂತ ಹೇಳ್ತದಾ ಅದು?”

“ಎಲ್ಲಿಗೆ ಅಂದ್ರೆ?”

ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. “ಇವಯ್ಯನ್ಗೆ ಬುಡಿಸಿ ಹೇಳ್ಬೇಕೇನ್ರೇ!” ಎಂದು ದೇವೀರಮ್ಮ ಅವರ ಕಡೆ ತಿರುಗಿದಳು. ಆಮೇಲೆ ನಗದೆ ಹೇಳಿದಳು. “ನಾವು ಸಂಜೆ ಮನೆ ಸೇರೋಗಂಟ ನೀರು ಕುಡಿಯಾಕಿಲ್ಲ ಕಣಪ್ಪ. ಕುಡುದ್ರೆ ಹೋಗ್ಬೇಕಲ್ಲ. ಎಲ್ಲಿಗೋಗನ?”

ಪೊನ್ನಪ್ಪನವರ ಕಿವಿ ಕೆಂಪಾಯಿತು. ಅವರು ಕಂಬವನ್ನು ಪರದೆಯಿಂದ ತೆಗೆದುಬಿಟ್ಟರು. ಅದು ನನಗೆ ಇಷ್ಟವಾಯಿತು. ನಾನು ಆ ಹೆಂಗಸರ ಪಕ್ಕದಲ್ಲೇ ಹುಟ್ಟಿ ಬೆಳೆದವಳು. ನಮ್ಮ ಮನೆ ಇರುವುದೇ ಸರ್ಕಲ್‌ನ ಅಂಚಿನಲ್ಲಿ, ದೇವೀರಮ್ಮ ಕೂರುತ್ತಿದ್ದುದು ನಮ್ಮ ಕಾಂಪೌಂಡಿಗೆ ಒರಗಿದ ಹೊಂಗೆಮರದ ಕೆಳಗೆ. ನಮ್ಮ ಮನೆಯಲ್ಲಿ ಎರಡು ಕಕ್ಕಸ್ಸುಗಳಿವೆ. ಅವಳು ನೀರು ಕುಡಿಯುವುದನ್ನು ನಾನು ಎಂದೂ ನೋಡಿರಲಿಲ್ಲ, ನೋಡಿಲ್ಲ ಎಂಬುದೂ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಕಂಬದ ಬದಲು ಹೆಂಗಸರಿಗೊಂದು ಶೌಚಾಲಯ ಎಂದಾಯಿತು, ಆಮೇಲೆ ನಡೆದ ಸಭೆಗಳು ಚೆನ್ನಾಗಿದ್ದವು. ಚಿಲಕ ಒಳಗಿನಿಂದ ಗಟ್ಟಿ ಇರಲಿ ಎಂದರು ಹೆಂಗಸರು. ಚೀಲ ನೇತುಹಾಕಲು ಮೊಳೆ ಇರಲಿ, ಹೂವಿನ ಬುಟ್ಟಿ ನೆಲಕ್ಕೆ ಇಡಬಾರದು, ಅದಕ್ಕೊಂದು ಕಟ್ಟೆ ಇರಲಿ. ಹೂ ಮಾರುವ ಜೀನತ್, “ಬಾಗ್ಲು ರೋಡ್ ಕಡೆ ಬ್ಯಾಡ ಸಾರ್, ಯಾರ್ ಒಳಗೋದ್ರು ಯಾರ್ ಹೊರಗ್ ಬಂದ್ರು ಅಂತ ಆಟೋದೋರು ನೋಡ್ತಾ ಕೂತಿರ್ತಾರೆ,” ಎಂದಾಗ ಆಟೋದವರು, “ನಮ್ಗೇನ್ ಕೆಲ್ಸ ಇಲ್ವಾ?” ಎಂದು ರೇಗಿ, ಆಮೇಲೆ ತಾವೇ ಬಾಗಿಲು ಹಿಂದಕ್ಕಿರಲಿ ಎಂದು ಒಪ್ಪಿದರು. ನೀರು ಮುಗಿದರೆ ಪುರಸಭೆಗೆ ತಾನೇ ಸುದ್ದಿ ಕಳಿಸುವ ಯಂತ್ರವನ್ನು ಪೊನ್ನಪ್ಪ ಸೇರಿಸಿದರು. ಜಾಗ ಮಾತ್ರ ಒಂದೇ ಇದ್ದದ್ದು. ಚರಂಡಿ ಮತ್ತು ನೀರಿನ ಪೈಪು ಎರಡೂ ಹತ್ತಿರವಿದ್ದುದು ಹೊಂಗೆಮರದ ಕೆಳಗೆ, ನಮ್ಮ ಗೇಟಿನ ಪಕ್ಕ. ದೇವೀರಮ್ಮ ಸ್ವಲ್ಪ ಆಚೆ ಸರಿದು ಕೂರುವುದೆಂದಾಯಿತು.

ನಾನು ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ಹೂಂ ಕೇಳಿದೆ. ನಮ್ಮ ಮನೆಯಲ್ಲಿ ಕೇಳಲಿಲ್ಲ. ಅಪ್ಪ ಗಂಗಾಧರಯ್ಯನವರು ನಿವೃತ್ತ ಹೆಡ್ ಮಾಸ್ಟರು, ನಾಗರಿಕ ಸಮಿತಿಯ ಅಧ್ಯಕ್ಷರು. ಊರಿನ ಅರ್ಧ ಜನಕ್ಕೆ ಕಾಗುಣಿತ ಕಲಿಸಿದವರು. ಅಂಥ ಹಿರಿಯರ ಎದುರು ನಿಂತು ಹೂಂ ಅನ್ನಿ ಎಂದು ಕೇಳುವುದು ನಮ್ಮಲ್ಲಿ ಇಲ್ಲ. ಅವರು ತಾವಾಗಿ ಅನ್ನುತ್ತಾರೆ, ನಾವು ಕೇಳಿಸಿಕೊಳ್ಳುತ್ತೇವೆ. ಗುದ್ದಲಿ ಪೂಜೆಯ ದಿನ ಅಪ್ಪ ಶಾಲು ಹೊದ್ದು ಮಾತಾಡಿದರು. ಸ್ತ್ರೀಯರ ಘನತೆಯೇ ನಗರದ ಘನತೆ ಎಂದರು. ಊರೆಂದರೆ ರಸ್ತೆ ದೀಪವಲ್ಲ, ಪರಸ್ಪರ ಸಹಕಾರ ಎಂದರು. ಕೊನೆಗೆ ಎದೆಯ ಮೇಲೆ ಕೈಯಿಟ್ಟು, “ಈ ಕಾರ್ಯಕ್ಕೆ ವೈಯಕ್ತಿಕವಾಗಿ ನನ್ನದೇನೂ ಅಭ್ಯಂತರವಿಲ್ಲ,” ಎಂದರು. ಜೋರಾಗಿ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ತಟ್ಟುವಾಗ ಕೈ ಸ್ವಲ್ಪ ತಡವಾಗಿ ಎದ್ದಿತು. ಅಭ್ಯಂತರವಿಲ್ಲ ಅಂದರೆ ಹೂಂ ಎಂದೇ ಅಲ್ಲವೇ, ಶಾಲು ಹೊದ್ದ ಹೂಂ, ಎಂದು ನನಗೆ ನಾನೇ ಹೇಳಿಕೊಂಡೆ.

ಗೋಡೆ ಸೊಂಟದ ಎತ್ತರ ಬಂದಿತು. ಬೆಳಿಗ್ಗೆ ನೋಡಿದರೆ ನೆಲ ಸಪಾಟಾಗಿತ್ತು. ಮತ್ತೆ ಕಟ್ಟಿದರು, ಮತ್ತೆ ಹೋಯಿತು. ಒಮ್ಮೆ ಪೊನ್ನಪ್ಪ ಹಟಹಿಡಿದು ಗೋಡೆಯ ಜೊತೆಗೇ ಕಮೋಡನ್ನೂ ಕೂರಿಸಿದರು. ಮಾರನೆಯ ದಿನ ಅದು ಹಾರ್ಡ್‌ವೇರ್ ಅಂಗಡಿಯ ಗಾಜಿನ ಹಿಂದೆ ಮೊದಲಿನ ಜಾಗದಲ್ಲೇ, ಬೆಲೆಯ ಚೀಟಿ ಸಮೇತ ಕೂತಿತ್ತು. ಜನ ಸಾಲುಗಟ್ಟಿ ಹೋಗಿ ನೋಡಿ ಬಂದರು. ಮೊದಲು ನಕ್ಕರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡತೊಡಗಿದರು.

“ಯಾರೋ ಸುಳ್ ಹೂಂ ಅಂದವ್ರೆ,” ಎಂದರು ತಿಮ್ಮೇಗೌಡರು. ಸಮಿತಿ ನಮ್ಮ ಜಗಲಿಯ ಮೇಲೆ ಕೂತಿತ್ತು, ನಾನು ಕಾಫಿ ಕೊಡುತ್ತಿದ್ದೆ. “ಕಕ್ಕಸ್ಸಿನ ಪಕ್ಕ ಕೂತು ಕಡ್ಲೆಕಾಯಿ ಮಾರುದ್ರೆ ಯಾರ್ ತಗೋತಾರೆ ಹೇಳಿ? ಯಾರ್ಗ್ ನಷ್ಟ ಅಂತ ನೋಡಿ, ಗೊತ್ತಾಯ್ತದೆ.”

ಎಲ್ಲರೂ ಕಾಂಪೌಂಡಿನ ಆಚೆ ನೋಡಿದರು. ದೇವೀರಮ್ಮ ಹಂಡೆಯ ಮುಚ್ಚಳ ತೆಗೆದು ಆವಿಯಿಂದ ಮುಖ ಹಿಂದಕ್ಕೆಳೆದುಕೊಳ್ಳುತ್ತಿದ್ದಳು. ಅವಳನ್ನು ಕರೆದರು. ಹೂಂ ಅನ್ನು ಎಂದರು, ಅಂದಳು. ಮಣ್ಣು ಮುಟ್ಟಿ ಅನ್ನು ಎಂದರು, ಮುಟ್ಟಿ ಅಂದಳು. ಮೂಡಲ ಮುಖ ಮಾಡಿ ಅನ್ನು ಎಂದಾಗ ತಿರುಗಿ ನಿಂತಳು. ಇನ್ನೊಮ್ಮೆ ಎಂದಾಗ ಅವಳ ದನಿ ಏರಿತು. “ಹೂಂ, ಹೂಂ, ಹೂಂ! ಇನ್ನೆಷ್ಟ್ ಬೇಕು ನಿಮ್ಗೆ? ಮೊರದಾಗ್ ತುಂಬ್ಕೊಡ್ಲಾ? ಕಟ್ಸಿ ಅಂತ ಮೊದ್ಲು ಕೇಳ್ದೋಳು ನಾನು. ನಾನ್ಯಾಕ್ರಪ್ಪ ಬ್ಯಾಡ ಅನ್ಲಿ?”

“ಸಿಟ್ಟೇಕಮ್ಮ, ಯಾರೂ ನಿನ್ನ ಮೇಲೆ ತಪ್ಪು ಹೊರಿಸ್ತಿಲ್ಲ,” ಎಂದರು ಅಪ್ಪ, ಶಾಂತವಾಗಿ. ಅವಳು ನನ್ನ ಕಡೆ ನೋಡಿದಳು. “ನೀವ್ ಹೇಳ್ರವ್ವ. ನೀವೇ ಅಲ್ವಾ ಕೇಳುಸ್ಕೊಂಡಿದ್ದು?” ನಾನು ತಟ್ಟೆ ಹಿಡಿದು ನಿಂತಿದ್ದೆ. ಅವಳ ಹೂಂ ನಾನು ಕೇಳಿದ್ದ ಎಲ್ಲ ಹೂಂಗಳಿಗಿಂತ ಸ್ಪಷ್ಟವಾಗಿತ್ತು. ಆ ಮಾತು ಹೇಳಿದರೆ ಮುಂದಿನ ಪ್ರಶ್ನೆ, ಹಾಗಾದರೆ ಯಾರದು ಸ್ಪಷ್ಟವಾಗಿರಲಿಲ್ಲ ಎಂಬುದು. ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ಒಳಗೆ ಹೋಗಿ ಒಂದೊಂದೇ ಲೋಟವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೊಳೆದೆ.

ಓಡಾಡದವರ ಹೂಂ ಬೇಕಾಗಿಲ್ಲ ಎಂಬುದನ್ನು ಕಂಡುಕೊಂಡವರು ತಿಮ್ಮೇಗೌಡರೇ. ದೇವೀರಮ್ಮ ಸರ್ಕಲ್‌ನಲ್ಲೇ ಇರದಿದ್ದರೆ ಅವಳದು ನಿಜವೋ ಸುಳ್ಳೋ ಎಂಬ ಪ್ರಶ್ನೆಯೇ ಏಳುವುದಿಲ್ಲವಲ್ಲ. ಕಟ್ಟುವುದಕ್ಕೆ ನಮ್ಮ ಊರಿನಲ್ಲಿ ಎಲ್ಲರ ಹೂಂ ಬೇಕು, ಎಬ್ಬಿಸುವುದಕ್ಕೆ ಯಾರದೂ ಬೇಡ. ಹಂಡೆ, ಒಲೆ, ಗೋಣಿಚೀಲವನ್ನು ತಳ್ಳುಗಾಡಿಗೆ ಹಾಕಿ ಅವಳನ್ನು ಊರಾಚೆಯ ಬಸ್‌ಸ್ಟ್ಯಾಂಡಿಗೆ ಕಳಿಸಿದರು. ಪೊನ್ನಪ್ಪ, “ಇದು ಸರಿಯಲ್ಲ,” ಎಂದು ಹೇಳುತ್ತಲೇ ಇದ್ದರು. ಹೊರಗಿನವರ ಮಾತು ಎಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ದೇವೀರಮ್ಮ ಗಾಡಿಯ ಹಿಂದೆ ನಡೆಯುವಾಗ ನಮ್ಮ ಕಿಟಕಿಯ ಕಡೆ ತಿರುಗಲಿಲ್ಲ. ತಿರುಗುತ್ತಾಳೇನೋ ಎಂದು ನಾನು ಪರದೆಯ ಹಿಂದೆ ಸರಿದು ನಿಂತಿದ್ದೆ.

ಮತ್ತೆ ಗೋಡೆ ಕಟ್ಟಿದರು. ಅದೂ ಹೋಯಿತು.

ತಪ್ಪಾಯಿತೆಂದು ಯಾರೂ ಅನ್ನಲಿಲ್ಲ. ಈಗ ಜೀನತ್‌ಳ ಹೆಸರು ಬಂತು. ಅವಳು ಆಟೋದವರ ಮೇಲೆ ಮಾತಾಡಿದ್ದಳು, ಅವರಿಗೆ ಅದು ಮರೆತಿರಲಿಲ್ಲ. ಸಂತೆಮಾಳದ ಹೆಂಗಸರು ನಾನು ಹತ್ತಿರ ಹೋದರೆ ಮಾತು ನಿಲ್ಲಿಸತೊಡಗಿದರು.

ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪನಿಗೆ ಮಜ್ಜಿಗೆ ಬಡಿಸುತ್ತಾ ಕೇಳಿದೆ. “ಅಪ್ಪಾ, ನೀವು ಹೂಂ ಅಂದಿದ್ರಾ?”

“ಭಾಷಣ ನೀನು ಕೇಳಲಿಲ್ವೇನಮ್ಮ?”

“ಕೇಳ್ದೆ. ಅಭ್ಯಂತರವಿಲ್ಲ ಅಂದ್ರಿ.”

“ಎರಡಕ್ಕೂ ಏನು ವ್ಯತ್ಯಾಸ? ನೀನು ಎಂ.ಎ. ಓದಿದೋಳು.”

“ನಮಗೆ ವ್ಯತ್ಯಾಸ ಇಲ್ಲದೆ ಇರಬಹುದಪ್ಪಾ. ಇಟ್ಟಿಗೆಗೆ ಇದೆ ಅನ್ಸುತ್ತೆ.”

ಅವರು ಅನ್ನ ಕಲಸುವುದನ್ನು ನಿಲ್ಲಿಸಿದರು. ಕೋಪ ಮಾಡಿಕೊಳ್ಳುತ್ತಾರೆಂದುಕೊಂಡೆ, ಮಾಡಿಕೊಳ್ಳಲಿಲ್ಲ. “ನಾನು ಬೇಡ ಅಂದಿದ್ದೀನಾ ವಾರಿಜಾ? ಒಂದು ದಿನ ಅಂದಿದ್ದೀನಾ? ನಾನು ಆ ಜಗಲಿ ಮೇಲೆ ಕೂತು ಪೇಪರ್ ಓದ್ತೀನಿ. ಬಂದೋರಿಗೆ ಅಲ್ಲೇ ಕುರ್ಚಿ ಹಾಕ್ತೀವಿ. ನಾಳೆ ಮೇಷ್ಟ್ರ ಮನೆ ಎಲ್ಲಿ ಅಂದ್ರೆ, ಕಕ್ಕಸ್ಸಿನ ಪಕ್ಕ ಅಂತಾರೆ. ಆಗಲಿ, ಅನ್ನಲಿ. ಆದ್ರೆ ಬಾಯಿ ತೆರೆದು ಆ ಒಂದು ಅಕ್ಷರ ಅನ್ನೋಕೆ ಹೋದ್ರೆ, ಬರಲ್ಲಮ್ಮ.” ಆಮೇಲೆ ತಲೆಯೆತ್ತಿ ಕೇಳಿದರು. “ನೀನು ಹೇಳು. ನಮ್ಮ ಗೇಟಿನ ಪಕ್ಕ ಅದು ನಿನಗೆ ಬೇಕಾ?”

ನಾನು ಎದ್ದು ಉಪ್ಪಿನಕಾಯಿ ತರಲು ಹೋದೆ. ಉಪ್ಪಿನಕಾಯಿ ಎಲೆಯ ಮೇಲೆ ಆಗಲೇ ಇತ್ತು.

ಮಾರನೆಯ ಬೆಳಿಗ್ಗೆ ಸರ್ಕಲ್‌ನಲ್ಲಿ ಜೀನತ್‌ಳನ್ನು ನಿಲ್ಲಿಸಿಕೊಂಡು ಹೂಂ ಅನ್ನಿಸುತ್ತಿದ್ದರು. ಅವಳ ಬುಟ್ಟಿಯನ್ನು ಆಗಲೇ ಯಾರೋ ಗಾಡಿಯ ಮೇಲೆ ಇಟ್ಟಿದ್ದರು. ದೇವೀರಮ್ಮನೂ ಬಂದಿದ್ದಳು. ಗೆಳತಿಯ ಪಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತು, “ಇವಳ್ನೂ ಕಳ್ಸಿ, ಆಮೇಲೆ ಹೊಂಗೆಮರಾನೂ ಕಳ್ಸಿ. ಅದೂ ಹೂಂ ಅಂದಿಲ್ವಲ್ಲ!” ಎನ್ನುತ್ತಿದ್ದಳು. ಅಪ್ಪ ಕುರ್ಚಿಯ ಮೇಲೆ ಕೂತು ಎಲ್ಲರೂ ತಾಳ್ಮೆ ವಹಿಸಬೇಕೆಂದು ಹೇಳುತ್ತಿದ್ದರು. ಜೀನತ್ ಅಳುತ್ತಾ ಹೂಂ ಅನ್ನುತ್ತಿದ್ದಳು. ಅಳುವಿನಲ್ಲಿ ಅದು ಹೂಂ ಆಗದೆ ಬಿಕ್ಕಳಿಕೆಯಾಗುತ್ತಿತ್ತು. ನೋಡಿ, ನೋಡಿ, ಸರಿಯಾಗಿ ಬರ್ತಿಲ್ಲ ಎಂದು ಯಾರೋ ಅಂದರು.

“ಅಪ್ಪ ಹೂಂ ಅಂದಿಲ್ಲ,” ಎಂದೆ.

ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು. ಎಲ್ಲ ತಿರುಗಿದರು. ತಿಮ್ಮೇಗೌಡರು, “ಏನಂದ್ರಿ ಮೇಡಂ?” ಎಂದರು. “ನಮ್ಮ ತಂದೆ ಅಭ್ಯಂತರವಿಲ್ಲ ಅಂದ್ರು. ಹೂಂ ಅನ್ನಲಿಲ್ಲ. ನಾನು ಅಲ್ಲೇ ಇದ್ದೆ. ನನಗೆ ಅವತ್ತೇ ಗೊತ್ತಿತ್ತು.”

ಜನ ಅಪ್ಪನನ್ನು ನೋಡಲಿಲ್ಲ. ಅವರಿಂದ ಓದು ಕಲಿತವರು, ನೆಲ ನೋಡಿದರು. ಅಪ್ಪ ಮಾತ್ರ ನನ್ನನ್ನು ನೋಡುತ್ತಿದ್ದರು. ಶಾಲೆಯಲ್ಲಿ ತಪ್ಪು ಉತ್ತರ ಕೊಟ್ಟ ಮಗುವನ್ನು ನೋಡುವಂತೆ ಅಲ್ಲ, ತಮ್ಮ ಜೊತೆ ಅದೇ ಬೆಂಚಿನಲ್ಲಿ ಕೂತವಳನ್ನು ನೋಡುವಂತೆ. “ನೀನು ಅಂದಿದ್ದೀಯಾಮ್ಮ?” ಎಂದು ಕೇಳಿದರು.

ಊರಿಗೆಲ್ಲ ಹೂಂ ಕೇಳಿದವಳನ್ನು ಯಾರೂ ಕೇಳಿರಲಿಲ್ಲ. ಅದೇ ಗೇಟಿನಿಂದ ದಿನವೂ ನಾನೂ ಹೊರಗೆ ಬರುತ್ತೇನೆ. “ನನ್ನನ್ನ ಯಾರೂ...” ಎಂದು ಶುರು ಮಾಡಿದೆ.

“ಈಗ ನಾನ್ ಕೇಳ್ತೀನಿ,” ಎಂದಳು ದೇವೀರಮ್ಮ. ಹತ್ತಿರ ಬಂದು ನನ್ನ ತುಟಿಯನ್ನೇ ನೋಡುತ್ತಾ ನಿಂತಳು. “ನಿಮ್ ಗೇಟಿನ್ ಪಕ್ಕ ಕಟ್ತಾರಂತೆ. ಹೂಂ ಅಂತೀರಾ ಅವ್ವ?”

ಹೂಂ ಅನ್ನಬೇಕೆಂದೇ ಬಾಯಿ ತೆರೆದೆ. ಅಷ್ಟು ಜನರ ಎದುರು, ಆ ಹೆಂಗಸಿನ ಎದುರು, ಅನ್ನದೆ ಇರುವುದುಂಟೇ? ಆದರೆ ತೆರೆದ ಬಾಯಿಗೆ ನಮ್ಮ ಜಗಲಿ ಬಂತು, ಜಗಲಿಯ ಕುರ್ಚಿ ಬಂತು, ಬೆಳಿಗ್ಗೆ ಗೇಟು ತೆರೆದು ಹೊರಬರುವಾಗ ಅಲ್ಲಿ ನಿಂತಿರಬಹುದಾದ ಸಾಲು ಬಂತು. “ನನ್ನದೇನೂ ಅಭ್ಯಂತರ...” ಎಂದುಬಿಟ್ಟೆ.

ಹೆಂಗಸರು ನಕ್ಕರು. ಕೆಟ್ಟ ನಗುವಲ್ಲ, ಅವರಿಗೆ ತಡೆಯಲಾಗಲಿಲ್ಲ. ಅಳುತ್ತಿದ್ದ ಜೀನತ್ ಕೂಡ ಮೂಗು ಒರೆಸಿಕೊಂಡು ನಕ್ಕಳು. “ಮೇಷ್ಟ್ರ ಮಗ್ಳೇ ಸೈ!” ಎಂದು ಹಿಂದಿನಿಂದ ಯಾರೋ ಅಂದರು. ನನ್ನ ಮುಖ, ಕುತ್ತಿಗೆ, ಬೆನ್ನು ಎಲ್ಲ ಸುಟ್ಟುಕೊಂಡಂತಾಯಿತು. ಬಟ್ಟೆಯಿಲ್ಲದೆ ನಿಂತವಳಂತೆ ಸೆರಗನ್ನು ಎಳೆದುಕೊಂಡೆ. ದೇವೀರಮ್ಮ ಮಾತ್ರ ನಗಲಿಲ್ಲ. ಹಾಗೆಯೇ ಕಾಯುತ್ತಾ ನಿಂತಿದ್ದಳು. ಅವಳು ಕಾಯುತ್ತಿದ್ದಾಳೆ ಎಂಬುದನ್ನು ತಾಳಲಾಗದೆ ನಾನು ಹೂಂ ಅಂದೆ. ಸಣ್ಣಗೆ ಬಂತು. “ಇನ್ನೊಂದಪ ಅನ್ನಿ, ಕೇಳ್ಸಲಿಲ್ಲ,” ಎಂದಳು. ಇನ್ನೊಮ್ಮೆ ಅಂದೆ. ಅಷ್ಟರಲ್ಲಿ ಅಪ್ಪ ಕುರ್ಚಿಯಿಂದ ಎದ್ದು, ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸುತ್ತಾ, ಯಾರ ಕಡೆಯೂ ನೋಡದೆ ಹೂಂ ಅಂದರು. ಮಗ್ಗಿ ಮರೆತು ನಿಂತ ಹುಡುಗನ ದನಿಯಂತಿತ್ತು. ಕನ್ನಡಕ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ತಡವರಿಸುತ್ತಾ ಗೇಟು ದಾಟಿ ಒಳಗೆ ಹೋದರು. ನಾನು ಹೋಗಿ ಕೈ ಹಿಡಿಯಬೇಕಿತ್ತು. ಹಿಡಿಯುವ ಮುಖ ನನಗಿರಲಿಲ್ಲ.

ಗೋಡೆ ನಿಂತಿತು. ನಮ್ಮ ಹೂಂ ಒಳಗಿನಿಂದ ಬಂದದ್ದೇ, ನಾಚಿಕೆಯಿಂದ ಬಂದದ್ದೇ ಎಂದು ಇಟ್ಟಿಗೆ ವಿಚಾರಿಸಿದಂತೆ ಕಾಣಲಿಲ್ಲ. ಬಾಗಿಲು ಹಿಂದಕ್ಕೆ, ಚಿಲಕ ಗಟ್ಟಿ, ಮೊಳೆಯೂ ಇದೆ. ಜೀನತ್ ಒಳಗೆ ಹೋಗಿ ಬಂದವಳೇ ನಲ್ಲಿಯಲ್ಲಿ ಕೈತೊಳೆದು, ಹಾಗೇ ಬೊಗಸೆಯಲ್ಲಿ ಹಿಡಿದು ಗಟಗಟನೆ ನೀರು ಕುಡಿದಳು. ವಾಸನೆ ನಾವು ಅಂಜಿದಷ್ಟಿಲ್ಲ. ಅಪ್ಪ ಕುರ್ಚಿಯನ್ನು ಒಳಮುಖವಾಗಿ ತಿರುಗಿಸಿಕೊಂಡು ಪೇಪರ್ ಓದುತ್ತಾರೆ. ನನ್ನೊಡನೆ ಮಾತಾಡುತ್ತಾರೆ, ಮೊದಲಿಗಿಂತ ಹೆಚ್ಚಾಗಿಯೇ. ಇಬ್ಬರೂ ಹೂಂ ಅನ್ನಬೇಕಾಗಿ ಬರುವ ಮಾತನ್ನು ಎತ್ತುವುದಿಲ್ಲ.

ಸಮಿತಿಯವರು ದೇವೀರಮ್ಮನ ವಿಷಯ ಮತ್ತೆ ಎತ್ತಲಿಲ್ಲ. ಹೊಂಗೆಮರದ ಕೆಳಗೆ ಈಗ ತಿಮ್ಮೇಗೌಡರ ಸ್ಕೂಟರ್ ನಿಲ್ಲುತ್ತದೆ. ನಾನೇ ಬಸ್‌ಸ್ಟ್ಯಾಂಡಿಗೆ ಹೋದೆ. ಬಿಸಿಲಿಗೆ ಕೊಡೆಯೂ ಇಲ್ಲದೆ ಅವಳು ಪ್ಲಾಟ್‌ಫಾರಂ ಅಂಚಿನಲ್ಲಿ ಕೂತಿದ್ದಳು. ನನ್ನನ್ನು ಕಂಡು, “ಬರ್ರವ್ವ,” ಎಂದು ಗೋಣಿಚೀಲ ಮಡಿಸಿ ಜಾಗ ಮಾಡಿದಳು. ಪೇಪರ್ ಪೊಟ್ಟಣದಲ್ಲಿ ಕಡಲೆಕಾಯಿ ಹಾಕಿ ಕೊಟ್ಟಳು. ಸ್ಕೂಟರ್ ತೆಗೆಸುತ್ತೇನೆ, ನಿಮ್ಮ ಜಾಗಕ್ಕೆ ವಾಪಸ್ ಬನ್ನಿ ಎಂದೆ. “ಇಲ್ಲೂ ಯಾಪಾರ ಆಯ್ತದೆ,” ಎಂದಳು. ನನ್ನ ಚೀಲದಿಂದ ನೀರಿನ ಬಾಟಲಿ ತೆಗೆದು ಕೊಟ್ಟೆ. ಅವಳು ಅದನ್ನು ನೋಡಿದಳು, ಬಸ್‌ಸ್ಟ್ಯಾಂಡಿನ ಸುತ್ತ ಒಮ್ಮೆ ನೋಡಿದಳು. ಅಲ್ಲಿ ಹಿಂದೆ ಬಯಲು, ಮುಂದೆ ಬಸ್ಸುಗಳು, ಅಷ್ಟೇ.

“ಬ್ಯಾಡಿ. ಸಂಜೆ ಮನೇಗೋಗಿ ಕುಡಿತೀನಿ.”

“ಇಲ್ಲೂ ಒಂದು ಕಟ್ಟಿಸೋಣ ದೇವೀರಮ್ಮ,” ಎಂದೆ. “ಇಂಜಿನಿಯರ್ ಜೊತೆ ಮಾತಾಡ್ತೀನಿ. ಈ ಸಲ ಮೊದಲು ನಿಮ್ಮನ್ನೇ ಕೇಳ್ತೀನಿ.”

ಅವಳು ಹಂಡೆಯಲ್ಲಿ ಸೌಟು ಆಡಿಸಿದಳು. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

“ಕಟ್ಸಿ ತಾಯಿ, ಒಳ್ಳೇದೇ. ನನ್ನ ಮಾತ್ರ ಕೇಳ್ಬ್ಯಾಡಿ. ಅಲ್ಲಿ ಕೇಳುದ್ರಲ್ಲ, ಅದ್ಕೇ ಅಲ್ವಾ ಇಲ್ಲಿಗ್ ಬಂದಿರೋದು,” ಎಂದು ಆಗಷ್ಟೇ ಬಂದು ನಿಂತ ಬಸ್ಸಿನ ಕಿಟಕಿಯ ಕಡೆಗೆ ಪೊಟ್ಟಣ ಎತ್ತಿ ಹಿಡಿದು ಕೂಗತೊಡಗಿದಳು.